ಒಂದೇ ಜಾತಿಯ ಲೋಡು

ಹರಿಹರದಲ್ಲಿ ಹೊಳೆ ದಾಟುವ ಮುನ್ನ ನಾಟಾ ಲಾರಿಗಳು ಒಂದು ಚಾ ಕುಡಿದೇ ಮುಂದೆ ಹೋಗುತ್ತವೆ. ಬೆಳಗಿನ ಐದೂವರೆ ಗಂಟೆ. ತುಂಗಭದ್ರೆಯ ಮೇಲೆ ಮಂಜೋ ಹೊಗೆಯೋ ತಿಳಿಯದ ಒಂದು ತೆಳು ಪದರ. ಆಚೆ ದಡದ ಕುಮಾರಪಟ್ಟಣಂ ಕಡೆ ಕಾರ್ಖಾನೆಯ ದೀಪಗಳು ಇನ್ನೂ ಆರಿಲ್ಲ. ಹೊಳೆಯ ಈಚೆಗೆ ದಾವಣಗೆರೆ ಜಿಲ್ಲೆ, ಆಚೆಗೆ ಹಾವೇರಿ. ಚಾದಂಗಡಿಯ ಮುಂದೆ ಮೂರು ಲಾರಿ ಸಾಲಾಗಿ ನಿಂತಿವೆ. ಮೂರರ ಬೆನ್ನ ಮೇಲೂ ಒಂದೇ ಹೊರೆ: ತೊಗಟೆ ಸುಲಿದ ನೀಲಗಿರಿ ತುಂಡುಗಳು. ಮುಂಗೈ ಗಾತ್ರದವು ಕೆಲವು, ತೊಡೆ ಗಾತ್ರದವು ಹೆಚ್ಚು. ಅಳತೆ ಹಿಡಿದು ಕೊಯ್ದಂತೆ ಎಲ್ಲ ಒಂದೇ ಉದ್ದ. ಹಿಂಬದಿಯಿಂದ ನೋಡಿದರೆ ಬರೀ ದುಂಡು ಮುಖಗಳು. ನಸುಗೆಂಪು ಬಣ್ಣ, ಒಣಗಿ ನಡುವೆ ನಕ್ಷತ್ರದ ಹಾಗೆ ಬಿಟ್ಟ ಬಿರುಕು. ಮೂಗು ಹತ್ತಿರ ತಂದರೆ ನೆಗಡಿಗೆ ಹಚ್ಚುವ ಎಣ್ಣೆಯ ವಾಸನೆ ಬಂದೀತು ಅಂದುಕೊಳ್ಳುತ್ತೇವೆ. ಅದು ಎಲೆಯ ವಾಸನೆ. ಸುಲಿದ ಮರಕ್ಕೆ ಹುಳಿ ಬಂದ ಹಿಟ್ಟಿನ ಮಂದ ಕಂಪು, ಅಷ್ಟೇ.

"ಎಷ್ಟು ಟನ್ ಅಣ್ಣಾ?"

"ಹದಿನಾರು ಐತ್ರಿ. ನಿಂತಷ್ಟು ದಿನ ಒಣಗಿ ತೂಕ ಇಳೀತೈತಿ, ಅದಕ್ಕೇ ನಿದ್ದಿ ಮಾಡಂಗಿಲ್ಲ."

"ಎಲ್ಲಾ ನೀಲಗಿರೀನೇ?"

ಗ್ಲಾಸು ಕೆಳಗಿಟ್ಟು ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. "ಬ್ಯಾರೆ ಎಲ್ಲೈತಿ ಸಾರ್, ಕಡಿಯಾಕೆ?"

ಅವನು ಹೋದ ಮೇಲೂ ಆ ಪ್ರಶ್ನೆ ಚಾದಂಗಡಿಯಲ್ಲೇ ಉಳಿಯಿತು. ನಾನು ದಾವಣಗೆರೆಯ ಹಳೇಪೇಟೆಯವನು, ಹತ್ತಿಗಿರಣಿಯ ಸೈರನ್ನಿಗೆ ಎದ್ದು ಶಾಲೆಗೆ ಹೋದವನು. ಆಗ ನಮ್ಮ ಓಣಿಗೆ ಸೌದೆ ಎತ್ತಿನಗಾಡಿಯಲ್ಲಿ ಬರುತ್ತಿತ್ತು. ಗಾಡಿ ಅಂಗಳದಲ್ಲಿ ಸುರಿದ ಕೂಡಲೇ ಅವ್ವ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಬಂದು ಆರಿಸಲು ನಿಲ್ಲುತ್ತಿದ್ದಳು. ಇದು ದಿಂಡಿಗ, ಕೆಂಡ ನಿಗಿನಿಗಿ ನಿಲ್ಲುತ್ತೆ, ರೊಟ್ಟಿಗಿರಲಿ. ಇದು ಜಾಲಿ, ಹಂಡೆ ಒಲೆಗೆ. ಮುತ್ತುಗ ಯಾಕೆ ತಂದೆಯೋ, ಬರೀ ಹೊಗೆ. ಕಗ್ಗಲಿ ಒಳ್ಳೇದು, ಆದರೆ ಸೀಳುವವನ ರಟ್ಟೆ ಹೋಗುತ್ತೆ. ಇದ್ಯಾವುದು, ಚಟಚಟ ಅಂತ ಕಿಡಿ ಹಾರಿಸೋದು? ಇದನ್ನು ಮಕ್ಕಳ ಹತ್ತಿರ ಇಡಬೇಡ. ಒಂದು ಗಾಡಿ ಸೌದೆಯಲ್ಲಿ ಎಂಟೋ ಹತ್ತೋ ಜಾತಿ. ಅವ್ವನಿಗೆ ಕಾಡು ನೋಡಿ ಗೊತ್ತಿರಲಿಲ್ಲ. ಒಲೆಯೇ ಅವಳಿಗೆ ಕಾಡಿನ ಪಾಠ ಹೇಳಿತ್ತು. ಈಗ ಯೋಚಿಸಿದರೆ ಅವಳು ವಾರಕ್ಕೊಮ್ಮೆ ನಮ್ಮ ಅಂಗಳದಲ್ಲಿ ಸುತ್ತಲಿನ ಗುಡ್ಡಗಳ ಮರಗಣತಿ ನಡೆಸುತ್ತಿದ್ದಳು. ಆ ಗಾಡಿಗಳು ಗುಡ್ಡ ಬೋಳಿಸಿದ್ದರಲ್ಲಿ ನಮ್ಮ ರೊಟ್ಟಿಯ ಪಾಲೂ ಇದೆ ಎನ್ನುವುದನ್ನು ಮುಚ್ಚಿಡುವುದಿಲ್ಲ.

ಮೊನ್ನೆ ದಾವಣಗೆರೆಯ ಒಂದು ಬೆಣ್ಣೆದೋಸೆ ಹೋಟೆಲಿನ ಹಿಂಬಾಗಿಲಲ್ಲಿ ನಿಂತು ನೋಡಿದೆ. ಒಲೆ ಇನ್ನೂ ಸೌದೆಯದೇ. ಹೆಂಚಿನ ಅಡಿ ಕೆಂಡ ಎಳೆಯುವ ಹುಡುಗನ ಕೈಚಳಕ ಅದೇ. ಗೋಡೆಗೆ ಒಟ್ಟಿದ ಸೌದೆ ಮಾತ್ರ ಒಂದೇ ಬಣ್ಣ, ಒಂದೇ ಗಾತ್ರ. ಆರಿಸಲು ಅಲ್ಲಿ ಅವ್ವನಿಗೆ ಕೆಲಸವೇ ಇರುತ್ತಿರಲಿಲ್ಲ.

ಈ ಹೊಳೆಯ ಮೇಲ್ಭಾಗದಲ್ಲಿ ನಡೆದದ್ದನ್ನು ನೋಡಬೇಕು. ಕೂಡಲಿಯಲ್ಲಿ ತುಂಗೆಯನ್ನು ಸೇರುವ ಮೊದಲು ಭದ್ರೆ ಭದ್ರಾವತಿಯನ್ನು ಹಾದು ಬರುತ್ತಾಳೆ. ಅಲ್ಲಿನ ಕಬ್ಬಿಣದ ಕಾರ್ಖಾನೆ 1923ರಲ್ಲಿ ಅದಿರು ಕರಗಿಸಲು ಶುರುಮಾಡಿತು. ಕಲ್ಲಿದ್ದಲಿಲ್ಲದ ನಾಡು, ಇದ್ದಿಲೇ ಗತಿ. ಕಾಡು ಕೂಪು ಕೂಪಾಗಿ ಕುಲುಮೆಗೆ ಹೋಯಿತು. ಅದರ ಹಿಂದೆಯೇ 1930ರ ದಶಕದಲ್ಲಿ ಅಲ್ಲಿಯೇ ಮೈಸೂರು ಕಾಗದ ಕಾರ್ಖಾನೆ. ಆಮೇಲೆ, ಎಪ್ಪತ್ತರ ದಶಕದ ಆರಂಭದಲ್ಲಿ, ಹರಿಹರದ ಎದುರು ದಡದ ಕುಮಾರಪಟ್ಟಣಂನಲ್ಲಿ ಹರಿಹರ ಪಾಲಿಫೈಬರ್ಸ್. ಮರದ ಚೂರು ಬೇಯಿಸಿ, ರೇಯಾನ್ ಎಳೆಗೆ ಬೇಕಾದ ಪಲ್ಪ್ ಮಾಡುವ ಕಾರ್ಖಾನೆ. ಹತ್ತಿಗಿರಣಿಗಳಿಗೆ ಹೆಸರಾಗಿದ್ದ ದಾವಣಗೆರೆಯಿಂದ ಹದಿನೈದು ಕಿಲೋಮೀಟರ್ ಆಚೆಗೆ ಮರದಿಂದ ಬಟ್ಟೆ! ಚಿಕ್ಕವರಿದ್ದಾಗ ಇದು ನಮಗೆ ಜಾದೂ ಅನ್ನಿಸುತ್ತಿತ್ತು. ಕಬ್ಬಿಣ, ಕಾಗದ, ಬಟ್ಟೆ: ಒಂದೇ ನೀರಿನ ದಂಡೆಯಲ್ಲಿ ಮೂವರು ಹಸಿದವರು ಪಂಕ್ತಿಯಲ್ಲಿ ಕೂತಂತೆ.

ಕಡಿದರೆ ಕಾಡು ಸಾಯುತ್ತದೆಯೇ? ಹಾಗೇನಿಲ್ಲ. ಕಡಿಯುವುದು ಕಾಡಿಗೆ ಹೊಸದಲ್ಲ. ಗಾಳಿ ಬೀಳಿಸುತ್ತದೆ, ಆನೆ ಮುರಿಯುತ್ತದೆ, ಮನುಷ್ಯ ಕೊಡಲಿ ಹಾಕುತ್ತಾನೆ. ಬಿದ್ದ ಜಾಗದಲ್ಲಿ ಬೆಳಕು ಇಳಿಯುತ್ತದೆ, ಬೆಳಕಿಗೆ ಹಸಿದ ಗಿಡಗಳು ಮೊದಲು ಏಳುತ್ತವೆ, ಅವುಗಳ ನೆರಳಿನಲ್ಲಿ ತಡವಾಗಿ ಬರುವವರು ಬರುತ್ತಾರೆ. ಕಡಿದ ಮೇಲೆ ಏನು ಉಳಿಯಿತು, ಮತ್ತೆ ಕಡಿಯಲು ಎಷ್ಟು ಬೇಗ ಬಂದರು ಎನ್ನುವುದರ ಮೇಲೆ ಮುಂದಿನದೆಲ್ಲ ನಿಂತಿದೆ. ಬೀಜದ ತಾಯಿಮರ ಉಳಿಯಿತೇ? ಬೊಡ್ಡೆಯಲ್ಲಿ ಜೀವ ಉಳಿಯಿತೇ? ಬೀಜ ಹೊತ್ತು ತರುವ ಹಕ್ಕಿಗೆ ಕೂರಲು ಒಂದು ಕೊಂಬೆ? ಎಳೆ ಚಿಗುರಿಗೆ ಒಂದು ಮರೆ?

ಆ ಮರೆಯ ಕಥೆಯನ್ನು ಬಿದಿರಿನಷ್ಟು ಚೆನ್ನಾಗಿ ಬೇರೆ ಯಾವುದೂ ಹೇಳುವುದಿಲ್ಲ. ಮುಳ್ಳುಬಿದಿರಿನ ಮೆಳೆಯ ಬುಡವನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು: ಕೆಳಗಿನ ಗಿಣ್ಣುಗಳಿಂದ ಹೊರಟ ಕಡ್ಡಿಗಳೆಲ್ಲ ಮುಳ್ಳಾಗಿ, ಒಂದಕ್ಕೊಂದು ಹೆಣೆದು, ಆಳೆತ್ತರದ ಬೇಲಿ ಕಟ್ಟಿರುತ್ತವೆ. ಕೈ ಹಾಕಿದರೆ ಅಂಗಿ ಅಲ್ಲೇ ಉಳಿಯುತ್ತದೆ. ಮಳೆ ಬಿದ್ದ ಮೇಲೆ ಆ ಬೇಲಿಯ ಒಳಗೆ ಕಳಲೆ ಏಳುತ್ತದೆ; ಕೊಂಬಿನಂತೆ ಚೂಪು, ಬೆಣ್ಣೆಯಂತೆ ಮೆತ್ತಗೆ, ಮನುಷ್ಯನಿಗೂ ಮುಳ್ಳುಹಂದಿಗೂ ಸಮನಾಗಿ ಇಷ್ಟ. ದಾಂಡೇಲಿಯ ಕಾಗದದ ಕಾರ್ಖಾನೆಗೆ ಉತ್ತರ ಕನ್ನಡದ ಬಿದಿರು ಹೋಗತೊಡಗಿದಾಗ, ಕಡಿಯಲು ಅನುಕೂಲವಾಗಲಿ, ಮೆಳೆಯೂ ಸೊಂಪಾಗಲಿ ಎಂದು ಬುಡದ ಮುಳ್ಳು ಸವರುವ ಪದ್ಧತಿ ಇತ್ತು. ಮೇದಾರರಿಗೆ ಬಿದಿರು ಸಿಗುತ್ತಿಲ್ಲ ಎಂಬ ದೂರು ಎದ್ದ ಎಪ್ಪತ್ತರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳ್ ಮತ್ತು ಸಂಗಡಿಗರು ಕಾಡಿಗೆ ಹೋಗಿ ಮೆಳೆ ಮೆಳೆ ಲೆಕ್ಕ ಹಾಕಿದರು. ಹಳ್ಳಿಯವರು ಮೊದಲೇ ಹೇಳಿದ್ದರು: ಮುಳ್ಳು ತೆಗೆದರೆ ಕಳಲೆ ಉಳಿಯೋದಿಲ್ಲ. ಲೆಕ್ಕವೂ ಅದನ್ನೇ ಹೇಳಿತು. ಬೇಲಿ ಹೋದ ಮೆಳೆಯಲ್ಲಿ ದನ, ಮುಸಿಯ, ಮುಳ್ಳುಹಂದಿ ಸೇರಿ ಎದ್ದ ಕಳಲೆಯನ್ನು ಎದ್ದಂತೆಯೇ ತಿಂದು ಮುಗಿಸುತ್ತಿದ್ದವು. ಕೊಡಲಿ ಹಳೆಯ ಗಳು ಒಯ್ದರೆ, ಸವರಿದ ಕತ್ತಿ ನಾಳೆಯ ಗಳು ಒಯ್ದಿತು. ಕಸ ಎಂದು ತೆಗೆದದ್ದೇ ಕಾವಲಾಗಿತ್ತು.

ಈ ಮಾತನ್ನು ಗೌರಿಹಬ್ಬದ ಹಿಂದಿನ ದಿನ ದಾವಣಗೆರೆಯ ಸಂತೆಬೀದಿಯಲ್ಲಿ ಮೊರ ಮಾರುತ್ತ ಕೂತಿದ್ದ ಅಜ್ಜಿಗೆ ಹೇಳಿದೆ. ಅವಳ ಎಡಗಾಲ ಹೆಬ್ಬೆರಳ ಸಂದಿಯಲ್ಲಿ ಒಂದು ದಬ್ಬೆ ಸಿಕ್ಕಿತ್ತು. ಕತ್ತಿಯ ಬಾಯಿ ಮೇಲಿಂದ ಕೆಳಕ್ಕೆ ಇಳಿದಂತೆ ಹಸಿರು ಸಿಪ್ಪೆ ಒಂದು ಕಡೆ, ಬಿಳಿ ತಿರುಳು ಒಂದು ಕಡೆ ಸುರುಳಿಯಾಗಿ ಬೀಳುತ್ತಿತ್ತು. ಹಸಿರಿನ ಎಳೆ ಅಂಚಿಗೆ, ಬಿಳಿಯದು ಹೊಟ್ಟೆಗೆ. ಕಣ್ಣು ಎತ್ತದೆ ಅಂದಳು: "ಮುಳ್ಳು ಇರಬೇಕಪ್ಪ. ಮುಳ್ಳಿಲ್ದಿದ್ರೆ ಎಲ್ರೂ ಕೈ ಹಾಕ್ತಾರೆ." ಬಿದಿರು ಈಗ ಎಲ್ಲಿಂದ ಬರುತ್ತದೆ ಎಂದು ಕೇಳಿದೆ. "ಲಾರಿ ತರ್ತೈತಿ, ನಾವು ತಗಂತೀವಿ" ಎಂದಳು. ಬಾಗಿನದ ಜೊತೆ ಮೊರಕ್ಕೆ ಹೇಳಿದ ಬೆಲೆಯಲ್ಲಿ ಚೌಕಾಸಿ ಮಾಡುವ ಧೈರ್ಯ ನನಗೆ ಬರಲಿಲ್ಲ. ಪಕ್ಕದ ಅಂಗಡಿಯಲ್ಲಿ ಪ್ಲಾಸ್ಟಿಕ್ ಮೊರಗಳು ಗೋಪುರದಂತೆ ನಿಂತಿದ್ದವು.

ಬಿದಿರು ತೆಳುವಾಗುತ್ತ ಬಂದಂತೆ ಪಲ್ಪಿನ ಲೆಕ್ಕ ನೀಲಗಿರಿಯ ಕಡೆ ತಿರುಗಿತು. ಟಿಪ್ಪುವಿನ ಕಾಲದಲ್ಲಿ ನಂದಿಬೆಟ್ಟಕ್ಕೆ ಬಂದಿತೆಂದು ಹೇಳುವ ಈ ಆಸ್ಟ್ರೇಲಿಯಾದ ಮರ ಮೈಸೂರಿನ ಮಣ್ಣಿಗೆ ಎಷ್ಟು ಒಗ್ಗಿತೆಂದರೆ ಅದರ ಒಂದು ತಳಿಗೆ ದೇಶವೆಲ್ಲ 'ಮೈಸೂರು ಗಮ್' ಎಂದೇ ಹೆಸರಾಯಿತು. ಏಳೆಂಟು ವರ್ಷಕ್ಕೆ ಕಟಾವು. ಬೊಡ್ಡೆಯಿಂದ ಕಬ್ಬಿನ ಹಾಗೆ ಕೂಳೆ ಒಡೆಯುತ್ತದೆ. ದನ ಮುಟ್ಟುವುದಿಲ್ಲ, ಕಾವಲು ಬೇಡ. ಇಷ್ಟು ಗುಣ ಒಂದೇ ಮರದಲ್ಲಿದ್ದರೆ ಯಾವ ಇಲಾಖೆ ಬೇಡ ಅಂದೀತು?

1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಹುಟ್ಟಿತು. ಸರ್ಕಾರದ ಕಡೆಯಿಂದ ಅರಣ್ಯ ನಿಗಮಕ್ಕೆ ನೂರಕ್ಕೆ 51 ಪಾಲು, ಹರಿಹರ ಪಾಲಿಫೈಬರ್ಸ್‌ಗೆ 49. ಧಾರವಾಡ, ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡ ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ಸಿ ಮತ್ತು ಡಿ ದರ್ಜೆಯ ಭೂಮಿಯಲ್ಲಿ ನೀಲಗಿರಿಯಂಥ ಮರ ಬೆಳೆಸಿ ಪಲ್ಪಿಗೆ ಒದಗಿಸುವ ಯೋಜನೆ. ಕಡತದಲ್ಲಿ ಅದು 'ಹಾಳು ಬಿದ್ದ' ನೆಲ. ಹಳ್ಳಿಯವರ ಪಾಲಿಗೆ ದನ ಮೇಯುವ, ಸೌದೆ ಆರಿಸುವ, ನೆಲ್ಲಿ-ಸೀಗೆ ಕೊಯ್ಯುವ, ಹೊರಸಿಗೆ ನಾರು ತೆಗೆಯುವ ಜಾಗ. ಧಾರವಾಡದ ಸಮಾಜ ಪರಿವರ್ತನ ಸಮುದಾಯ, ಎಸ್.ಆರ್. ಹಿರೇಮಠರ ಮುಂದಾಳತ್ವದಲ್ಲಿ, ಮೊದಲು ತುಂಗಭದ್ರೆಯ ನೀರು ಕೆಟ್ಟಿತೆಂದು ದನಿ ಎತ್ತಿದ್ದ ಸಂಘಟನೆ. ಈಗ ನೆಲಕ್ಕಾಗಿ ನಿಂತಿತು. 1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನ ಸೇರಿ ನೀಲಗಿರಿ ಸಸಿಗಳನ್ನು ಕಿತ್ತು, ಆ ಗುಂಡಿಗಳಲ್ಲೇ ಹಣ್ಣು-ಮೇವು ಕೊಡುವ ಊರ ಗಿಡಗಳನ್ನು ನೆಟ್ಟರು. ಕಿತ್ತದ್ದು ಸಾಂಕೇತಿಕವಾಗಿ ಸುಮಾರು ನೂರು ಸಸಿ. ಸತ್ಯಾಗ್ರಹದ ಹೆಸರು 'ಕಿತ್ತಿಕೋ-ಹಚ್ಚಿಕೋ'. ಆ ಸೀಮೆಯಲ್ಲಿ ದೀಪವನ್ನೂ ಹಚ್ಚುತ್ತಾರೆ, ಗಿಡವನ್ನೂ ಹಚ್ಚುತ್ತಾರೆ. ಹೆಸರಿಟ್ಟವರ ಕಿವಿ ದೊಡ್ಡದು. ಶಿವರಾಮ ಕಾರಂತರೂ ಸೇರಿ ಹಲವರು ಸುಪ್ರೀಂ ಕೋರ್ಟಿಗೆ ಹೋಗಿದ್ದರು, ಆ ವರ್ಷವೇ ತಡೆಯಾಜ್ಞೆ ಬಂದಿತ್ತು. 1991ರಲ್ಲಿ ಕಂಪನಿಗೆ ಬೀಗ ಬಿತ್ತು.

ನಡುವೆ, 1988ರ ರಾಷ್ಟ್ರೀಯ ಅರಣ್ಯ ನೀತಿ ಕಾರ್ಖಾನೆಗಳಿಗೆ ನೇರವಾಗಿ ಹೇಳಿತು: ನೈಸರ್ಗಿಕ ಕಾಡಿನ ಮರ ರಿಯಾಯಿತಿಗೆ ಸಿಗದು, ರೈತರ ಜೊತೆ ಸೇರಿ ಬೆಳೆಸಿಕೊಳ್ಳಿ. ಹರಿಹರದ ಚಾದಂಗಡಿ ಮುಂದಿನ ಲಾರಿಯನ್ನು ಬೈಯಲು ಬಾಯಿ ತೆರೆದವನು ಇಲ್ಲಿಗೆ ಬಂದಾಗ ತುಸು ತಡೆಯುತ್ತೇನೆ. ಆ ಹದಿನಾರು ಟನ್ ಯಾವುದೋ ಒಣಬೇಸಾಯದ ಹೊಲದ್ದು. ಶೇಂಗಾ ಎರಡು ವರ್ಷ ಕೈಕೊಟ್ಟ ಮೇಲೆ, ಆಳು ಸಿಗದೆ, ಮಗ ಬೆಂಗಳೂರಿಗೆ ಹೋದ ಮೇಲೆ ನೆಟ್ಟದ್ದು. ಅದು ಬರದೆ ಹೋಗಿದ್ದರೆ ಕೊಡಲಿ ಗುಡ್ಡದ ಕಡೆಗೇ ತಿರುಗುತ್ತಿತ್ತು. ಒಂದೇ ಜಾತಿಯ ಲೋಡು ಒಂದರ್ಥದಲ್ಲಿ ಹತ್ತು ಜಾತಿಯ ಗುಡ್ಡವನ್ನು ಕಾದಿದೆ. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ನೆಟ್ಟದ್ದರ ಕೂಳೆ ಮಾತ್ರ ಇನ್ನೂ ಒಡೆಯುತ್ತಲೇ ಇದೆ.

ದಾವಣಗೆರೆಯ ಸಾಮಿಲ್ಲುಗಳಲ್ಲೂ ಇದೇ ತಿರುವು. ಹೊನ್ನೆ ಕೇಳಿದರೆ ಮೇಸ್ತ್ರಿ 'ಮಲೇಷ್ಯಾ ಹೊನ್ನೆ' ತೋರಿಸುತ್ತಾರೆ. ನಮ್ಮ ಹೊನ್ನೆಯ ಹೆಸರು, ಬೇರೆ ಯಾವುದೋ ಮರ, ಬೇರೆ ಯಾವುದೋ ದೇಶದ ಬೊಡ್ಡೆ. ಇಲ್ಲಿ ಕಡಿಯಬೇಡಿ ಎಂದು ಕಾನೂನು ಬಂದಾಗ ಬಾಗಿಲು ಬೇಕೆನ್ನುವ ಆಸೆ ನಿಲ್ಲಲಿಲ್ಲ, ಹಡಗು ಹತ್ತಿತು.

ಹಾಗಾದರೆ ನೀಲಗಿರಿ ತೋಪು ಕಾಡಲ್ಲವೇ? ಹಸಿರಿದೆ, ನೆರಳಿದೆ, ಉಪಗ್ರಹದ ಕಣ್ಣಿಗೆ ಅದೂ ಮರವೇ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯಕ್ಕೆ ಹೋಗಿ ನೋಡಿ. 1974ರಲ್ಲಿ ಘೋಷಣೆಯಾದ, 119 ಚದರ ಕಿಲೋಮೀಟರ್‌ನ ಜಾಗ; ಅದರ ಬಹುಪಾಲು ನೀಲಗಿರಿ ನೆಡುತೋಪು. ಕೃಷ್ಣಮೃಗಕ್ಕೆ ಬೇಕಾದದ್ದು ಓಡಲು ಬಯಲು, ಮೇಯಲು ಹುಲ್ಲು. ಹಿಂದೆ ಹುಲ್ಲುಬಯಲಿನ ಎರ್ಲಡ್ಡು ಹಕ್ಕಿಯೂ ನಡೆದಾಡಿದ ನೆಲ ಅದು. ಮರವಿಲ್ಲದ ಬಯಲನ್ನೆಲ್ಲ 'ಕಡಿದ ಕಾಡು' ಎಂದು ತಿಳಿದದ್ದೂ ಒಂದು ತಪ್ಪೇ. ಅಲ್ಲಿ ಸಾಲು ಸಾಲು ಬಿಳಿ ಕಾಂಡಗಳ ನಡುವೆ ನಿಂತಾಗ ಮೊದಲು ತಿಳಿಯುವುದು ಸದ್ದಿನ ಬಡತನ. ಒಣ ಎಲೆ ಕಾಲಡಿ ಚಿಪ್ಸಿನಂತೆ ಮುರಿಯುತ್ತದೆ, ಮೇಲೆ ಗಾಳಿ ಸುಯ್ಯೆನ್ನುತ್ತದೆ, ನಡುವೆ ಏನೂ ಇಲ್ಲ. ಆದರೂ ಕೂತು ನೋಡಿದರೆ ಬುಡದಲ್ಲಿ ಅಲ್ಲೊಂದು ಬಂದರಿಕೆ, ಇಲ್ಲೊಂದು ತಂಗಡಿ, ಹಕ್ಕಿಯ ಹಿಕ್ಕೆಯಿಂದ ಬಿದ್ದ ಬೇವು. ಬಿಟ್ಟರೆ ಅವು ಏಳುತ್ತವೆ. ಯಾವ ತೋಪಿನಲ್ಲೇ ಆಗಲಿ, ಏಳನೇ ವರ್ಷಕ್ಕೆ ಕಟಾವಿನವರು ಬಂದರೆ, ದಿಮ್ಮಿ ಎಳೆದು, ಸೊಪ್ಪಿಗೆ ಬೆಂಕಿ ಇಟ್ಟು ಹೋದರೆ, ಆ ಬೇವು ಮತ್ತೆ ಮೊದಲಿನಿಂದ ಶುರುಮಾಡಬೇಕು. ಪ್ರತಿ ವರ್ಷ ಒಂದನೇ ತರಗತಿಯಲ್ಲೇ ಕೂರಿಸುವ ಶಾಲೆಯ ಹಾಗೆ.

ಎಷ್ಟು ಕಾಲ ಬಿಡಬೇಕು? ಲ್ಯಾಟಿನ್ ಅಮೆರಿಕ ಮತ್ತು ಪಶ್ಚಿಮ ಆಫ್ರಿಕಾದಲ್ಲಿ ಬೇಸಾಯ ಬಿಟ್ಟ ನೆಲದಲ್ಲಿ ತಾನಾಗಿ ಎದ್ದ ಕಾಡುಗಳನ್ನು ಅಳೆದ ವಿಜ್ಞಾನಿಗಳು 2021ರಲ್ಲಿ ಒಂದು ಲೆಕ್ಕ ಕೊಟ್ಟರು. ಮಣ್ಣು ಹತ್ತು ವರ್ಷದೊಳಗೆ ಸುಧಾರಿಸುತ್ತದೆ. ಎಂಥೆಂಥ ಮರಗಳು ಎಷ್ಟೆಷ್ಟು ಎಂಬ ಹಳೆಯ ಕೂಟ ಮರಳಲು 120 ವರ್ಷಕ್ಕೂ ಹೆಚ್ಚು. ಅಂದರೆ ಕಾಡು ದೂರದಿಂದ ಮೊದಲು ಕಾಡಾಗುತ್ತದೆ, ಹತ್ತಿರದಿಂದ ಬಹಳ ತಡವಾಗಿ. ಜಾತಿ ಬೆರೆತರೆ ಏನು ಲಾಭ ಎನ್ನುವ ಲೆಕ್ಕಿಗರಿಗೂ ಉತ್ತರವಿದೆ. ಹಿಂದೆ ಕಡಿದು ಬೋಳಾದ ಉಪೋಷ್ಣ ಕಾಡುಗಳ ಸೀಮೆಯಾದ ಚೀನಾದ ಜಿಯಾಂಗ್‌ಶಿಯಲ್ಲಿ ಗುಡ್ಡಗಳ ಮೇಲೆ ಒಂದೇ ಜಾತಿಯ ಪಟ್ಟಿಗಳನ್ನೂ ಹದಿನಾರು ಜಾತಿ ಬೆರೆಸಿದ ಪಟ್ಟಿಗಳನ್ನೂ ನೆಟ್ಟು ನೋಡಿದರು. ಎಂಟು ವರ್ಷದ ಹೊತ್ತಿಗೆ ಬೆರಕೆಯ ಪಟ್ಟಿಗಳು ಒಂಟಿ ಜಾತಿಯವುಗಳ ಸರಾಸರಿಯ ಎರಡರಷ್ಟಕ್ಕಿಂತ ಹೆಚ್ಚು ಇಂಗಾಲ ಕೂಡಿಟ್ಟಿದ್ದವು. ಅಕ್ಕಡಿ ಸಾಲು ಹಾಕುವ ನಮ್ಮ ರೈತನಿಗೆ ಇದರಲ್ಲಿ ಆಶ್ಚರ್ಯ ಕಾಣಲಿಕ್ಕಿಲ್ಲ.

ಅವ್ವ ಆರಿಸುತ್ತಿದ್ದ ಮರಗಳು ಎಲ್ಲಾದರೂ ಒಟ್ಟಿಗೆ ನಿಂತಿವೆಯೇ ಎಂದು ಹುಡುಕಿಕೊಂಡು ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗಕ್ಕೆ ಹೋದೆ. 2011ರಲ್ಲಿ ಕೊಂಡುಕುರಿಗಾಗಿ ವನ್ಯಜೀವಿಧಾಮವಾದ, ಸುಮಾರು 77 ಚದರ ಕಿಲೋಮೀಟರ್‌ನ ಒಣಕಾಡು. ನಾಲ್ಕು ಕೊಂಬಿನ ಆ ಪುಟ್ಟ ಪ್ರಾಣಿ ನನಗೆ ಕಾಣಲಿಲ್ಲ. ಒಂದೇ ಕಡೆ ಗುಡ್ಡೆ ಹಾಕಿದ ಅದರ ಹಿಕ್ಕೆಯನ್ನು ವಾಚರ್ ತೋರಿಸಿದ. ಬೇಸಿಗೆಯ ಕೊನೆ. ಬಂಡೆಯ ಬಿಸಿ ಚಪ್ಪಲಿಯ ತಳ ದಾಟಿ ಬರುತ್ತಿತ್ತು. ದಿಂಡಿಗದ ಬೂದು ಕಾಂಡ, ಕಗ್ಗಲಿಯ ಒಡಕು ತೊಗಟೆ, ಎಲೆ ಉದುರಿದ ಮುತ್ತುಗ. ಮತ್ತೆ ಅಲ್ಲಲ್ಲಿ ಕಮರ. ಇದರ ಎಲೆ ನೋಡಿದವರು ಮರೆಯುವುದಿಲ್ಲ: ಬುಡದಲ್ಲಿ ಅಂಟಿಕೊಂಡ ಎರಡು ದಳ, ರೆಕ್ಕೆ ಬಿಚ್ಚಿ ಕೂತ ಚಿಟ್ಟೆ. ಮರ ಕಬ್ಬಿಣದಷ್ಟು ಗಟ್ಟಿ, ನಮ್ಮ ದೇಶದ ಅತಿ ಭಾರದ ಮರಗಳಲ್ಲಿ ಒಂದು. ತೊಗಟೆಯಲ್ಲಿ ಹಗ್ಗದ ನಾರು, ಸೊಪ್ಪು ದನಕ್ಕೆ ಮೇವು. ಗುಣ ಹೆಚ್ಚಿದಷ್ಟೂ ಕೊಡಲಿ ಹತ್ತಿರ. ಬೀಜವನ್ನೂ ಪ್ರತಿ ವರ್ಷ ಧಾರಾಳವಾಗಿ ಬಿಡುವುದಿಲ್ಲ.

ದಾರಿಯಿಂದ ತುಸು ಒಳಗೆ ಒಂದು ಹಳೆಯ ಬೊಡ್ಡೆ. ಮಂಡಿಯೆತ್ತರ, ಕೊಯ್ದ ಮುಖ ಕಪ್ಪಾಗಿ ಕಲ್ಲಿನಂತಾಗಿದೆ. ಯಾವ ಕಾಲದ ಗಾಯವೋ. ಸುತ್ತ ಏಳು ಚಿಗುರು ಒಡೆದಿದ್ದವು. ಎಣಿಸಿದೆ. ಆರರ ತಲೆ ಕಚ್ಚಿ ಹೋಗಿದೆ. ಕಚ್ಚಿದ ಕೆಳಗೆ ಮತ್ತೆ ಚಿಗುರಿ, ಮತ್ತೆ ಕಚ್ಚಿಸಿಕೊಂಡು, ಕೋಲಿನ ಬದಲು ಗಂಟುಗಳಾಗಿವೆ. ಏಳನೆಯದು ಮಾತ್ರ ನನ್ನ ಎದೆಯುದ್ದ ನೆಟ್ಟಗೆ ನಿಂತಿದೆ, ಯಾಕೆಂದರೆ ಅದು ಎದ್ದದ್ದು ಒಂದು ಕಾರೆಕಂಟಿಯ ನಡುವಿನಿಂದ. ತುದಿಯಲ್ಲಿ ಜೋಡಿ ದಳದ ಎಳೆಯ ಎಲೆ, ಇನ್ನೂ ಕೆಂಪು ಬಿಟ್ಟಿರಲಿಲ್ಲ. ಫೋಟೋಗೆ ಚೆನ್ನಾಗಿ ಕಾಣಲೆಂದು ಕಂಟಿಯ ಒಂದು ಟೊಂಗೆ ಹಿಡಿದು ಪಕ್ಕಕ್ಕೆ ಬಾಗಿಸಲು ಹೋದೆ.

"ಅದನ್ನ ಮುರೀಬ್ಯಾಡ್ರಿ ಸಾರ್" ಎಂದ ವಾಚರ್.

ಕೈ ಹಿಂದಕ್ಕೆ ತೆಗೆದುಕೊಂಡೆ. ತೆಗೆಯುವಾಗ ಕಾರೆಮುಳ್ಳು ಮಣಿಕಟ್ಟಿನಿಂದ ಹೆಬ್ಬೆರಳ ತನಕ ಒಂದು ಗೆರೆ ಎಳೆಯಿತು. ವಾಚರ್ ತಂಗಡಿ ಸೊಪ್ಪು ಹಿಸುಕಿ ಹಚ್ಚಿದ. ಚುರುಗುಟ್ಟಿತು.